ಎವಿನ್ರೂಡ್ ಅಂದರೆ ಇಂಜಿನ್ ಹೆಸರು ಅಂದುಕೊಂಡಿದ್ದೆ. ಆ ಮನುಷ್ಯನ ಬಗ್ಗೆ ಯಾರಿಗಾದರೂ ಗೊತ್ತಾ?

ಗಂಗೊಳ್ಳಿ ಹುಡುಗ · ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಊರಿಗೆ ಬಂದೆ, ಈಗಲೂ ಇಲ್ಲೇ ಇದ್ದೇನೆ. ಮನೆ ಹಿಂದಿನ ಶೆಡ್ಡಿನಲ್ಲಿ ಅಪ್ಪನ ಹಳೆ ಸಾಮಾನು ಸರಿಸುವಾಗ ಗೋಣಿಚೀಲ ಸುತ್ತಿಟ್ಟ ಒಂದು ಔಟ್‌ಬೋರ್ಡ್ ಇಂಜಿನ್ ಸಿಕ್ಕಿತು. ನಾಡದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ನಿಲ್ಲಿಸುತ್ತಾರಲ್ಲ, ಅದೇ. ಮುಚ್ಚಳದ ಬಣ್ಣ ಹೋಗಿದೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಮೇಲೆಲ್ಲ ಸುಣ್ಣ ಉದುರಿದ ಹಾಗೆ ಬಿಳಿ ಪುಡಿ. ಹಲಗೆಗೆ ಕಚ್ಚುವ ಕ್ಲ್ಯಾಂಪ್ ಒಂದು ಕಡೆ ಮುರಿದಿದೆ. ಆದರೆ ಹೆಸರು ಇನ್ನೂ ಓದಬಹುದು: ಎವಿನ್ರೂಡ್.

ಅಪ್ಪ ಜೀವನವಿಡೀ ಇಂಥ ಇಂಜಿನ್ ರಿಪೇರಿ ಮಾಡಿದವರು. ಕೇಳಿದೆ. "ಅದು ಯಾರದ್ದೋ ಮನುಷ್ಯನ ಹೆಸರಂತೆ ಮಾರಾಯ, ಅಮೆರಿಕದವ" ಅಂದರು. ಅಷ್ಟು ವರ್ಷ ಕೈಯಲ್ಲಿ ಹಿಡಿದ ಹೆಸರು, ಯಾರು ಅಂತ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಹುಡುಕಿ ಓದಿದೆ. ಅಮೆರಿಕದವನಲ್ಲ, ನಾರ್ವೆಯವನು. ಓಲೆ ಎವಿನ್ರೂಡ್, ಹುಟ್ಟಿದ್ದು 1877. ಐದು ವರ್ಷದ ಮಗುವಾಗಿದ್ದಾಗ ಮನೆಯವರ ಜೊತೆ ಹಡಗು ಹತ್ತಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದ. ಮೆಷಿನಿಸ್ಟ್ ಆದ. 1909ರಲ್ಲಿ ಅದೇ ರಾಜ್ಯದ ಮಿಲ್ವಾಕೀ ಊರಲ್ಲಿ ಔಟ್‌ಬೋರ್ಡ್ ಇಂಜಿನ್ ಮಾಡಿ ಮಾರಲು ಶುರು ಮಾಡಿದ. 1934ರಲ್ಲಿ ತೀರಿಕೊಂಡ.

ಎಲ್ಲಿ ನೋಡಿದರೂ ಅದೇ ಐಸ್‌ಕ್ರೀಮ್ ಕತೆ. ಕತೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ 57 ವರ್ಷ ಬದುಕಿದ ಒಬ್ಬ ಕೆಲಸಗಾರನ ಬಗ್ಗೆ ಹೇಳಲು ಅಷ್ಟೇ ಇರುವುದಾ? ಕೆಲಸ ಎಲ್ಲಿ ಕಲಿತ? ಊರು ಯಾಕೆ ಬಿಟ್ಟರು? ಮತ್ತೆ, ಕಂಪನಿ ಜೋರಾಗಿ ನಡೆಯುತ್ತಿದ್ದಾಗಲೇ ಹೆಂಡತಿಗೆ ಹುಷಾರಿಲ್ಲ ಅಂತ ಮಾರಿಬಿಟ್ಟನಂತೆ. ಅದು ನಿಜವಾ? ನಿಜವಾದರೆ ಅವನು ಮಾಡಿದ್ದು ಸರಿಯಾ? ಈ ಕಡೆಯ ಪ್ರಶ್ನೆ ನನಗೆ ಮುಖ್ಯ.

ಮಂಡ್ಯದ ಮಗ · 9:20

ಐಸ್‌ಕ್ರೀಮ್ ಕತೆ ಏನು ಅಂತ ಮೊದಲು ಹೇಳಿ ಅಣ್ಣ. ನಮಗೆ ದೋಣಿ ಅಂದರೆ ಕನ್ನಂಬಾಡಿಯಲ್ಲಿ ದೂರದಿಂದ ನೋಡಿದ್ದು ಅಷ್ಟೇ.

ಮಿಲ್ವಾಕೀ ಕನ್ನಡತಿ · 9:48

ನಾನು ಹೇಳುತ್ತೇನೆ, ನಮ್ಮ ಮನೆ ಆ ಕಡೆಯೇ ಇದೆ. ಮಿಲ್ವಾಕೀಗೆ ಪಶ್ಚಿಮಕ್ಕೆ ಒಕಾಚೀ ಅಂತ ಒಂದು ಸರೋವರ. 1906ರ ಆಗಸ್ಟ್, ಸೆಕೆಗಾಲ. ಓಲೆ ಮತ್ತು ಆಮೇಲೆ ಅವರ ಹೆಂಡತಿಯಾದ ಬೆಸ್ ಸ್ನೇಹಿತರ ಜೊತೆ ಊಟ ಕಟ್ಟಿಕೊಂಡು ಹೋಗಿದ್ದರು. ದಡದಿಂದ ದೂರದಲ್ಲಿ ಕೂತಿದ್ದಾಗ ಬೆಸ್‌ಗೆ ಐಸ್‌ಕ್ರೀಮ್ ಬೇಕೆನಿಸಿತು. ಓಲೆ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಿ ತಂದರು. ವಾಪಸ್ ಬರುವಷ್ಟರಲ್ಲಿ ಕರಗಿ ನೀರಾಗಿತ್ತು. ಇದಕ್ಕೊಂದು ಇಂಜಿನ್ ಇದ್ದಿದ್ದರೆ ಅನ್ನುವ ಯೋಚನೆ ಆಗ ಬಂತು ಅಂತ ಕತೆ.

ಎರಡೂವರೆ ಮೈಲಿ ಅಂತ ಹೇಳುತ್ತಾರೆ. ಸುಮಾರು ನಾಲ್ಕು ಕಿಲೋಮೀಟರ್. ಹೋದ ವರ್ಷ ನಾನು ಮತ್ತು ಯಜಮಾನರು ಅದೇ ಸರೋವರದಲ್ಲಿ ಬಾಡಿಗೆ ದೋಣಿ ತೆಗೆದುಕೊಂಡು ಹುಟ್ಟು ಹಾಕಿದೆವು. ಎದುರುಗಾಳಿ ಇತ್ತು. ಕಾಲು ಗಂಟೆಗೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ದಡ ಇದ್ದಲ್ಲೇ ಇತ್ತು! ಆಮೇಲೆ ಯಾರಾದರೂ ಈ ಕತೆ ಹೇಳಿದರೆ ನಾನು ನಗುವುದಿಲ್ಲ.

ಲೆಕ್ಕ ತಪ್ಪಬಾರದು · 10:05

ಒಂದು ತಿದ್ದುಪಡಿ. ಗಂಗೊಳ್ಳಿಯವರು ಸರಿಯಾಗಿ "ಮಾಡಿ ಮಾರಲು ಶುರು ಮಾಡಿದ" ಅಂತ ಬರೆದಿದ್ದಾರೆ. ಆದರೆ ಬೇರೆಯವರು "ಔಟ್‌ಬೋರ್ಡ್ ಕಂಡುಹಿಡಿದ" ಅಂತ ಬರೆಯುತ್ತಾರೆ. ಅದು ತಪ್ಪು. ಫ್ರಾನ್ಸ್‌ನ ಗುಸ್ತಾವ್ ತ್ರೂವೆ 1881ರಲ್ಲೇ ಪ್ಯಾರಿಸ್‌ನ ಸೇನ್ ನದಿಯಲ್ಲಿ ಕರೆಂಟಿನ ಔಟ್‌ಬೋರ್ಡ್ ಓಡಿಸಿದ್ದರು. ಅಮೆರಿಕದಲ್ಲೇ ಕ್ಯಾಮೆರಾನ್ ವಾಟರ್‌ಮನ್ ಅನ್ನುವವರು ಎವಿನ್ರೂಡ್‌ಗಿಂತ ಮೊದಲು ಪೆಟ್ರೋಲ್ ಔಟ್‌ಬೋರ್ಡ್ ಮಾರುತ್ತಿದ್ದರು.

ಓಲೆ ಮಾಡಿದ್ದು ಸಾಮಾನ್ಯ ಜನ ಕೊಂಡು, ಹೊತ್ತು, ಓಡಿಸಬಹುದಾದ ಇಂಜಿನ್. ಒಂದೂವರೆ ಅಶ್ವಶಕ್ತಿ, ಒಂದೇ ಸಿಲಿಂಡರ್. ತೂಕ 62 ಪೌಂಡ್, ಅಂದರೆ ಸುಮಾರು 28 ಕಿಲೋ. ಬೆಲೆಯೂ 62 ಡಾಲರ್.

ಮಂಡ್ಯದ ಮಗ · 10:09

ಹಾಗಾದರೆ ಮೊದಲಿಗ ಅಲ್ಲ. ಮತ್ತೆ ಯಾಕೆ ಇಷ್ಟು ಹೆಸರು?

ಬೆಳಗಾವಿ ಎರಕ · 10:51

ಯಾಕೆ ಅಂತ ನಾನು ಹೇಳುತ್ತೇನೆ ರೀ. ಅವರು ಬರೀ ಮೆಷಿನಿಸ್ಟ್ ಅಲ್ಲ, ಪ್ಯಾಟರ್ನ್ ಮೇಕರ್. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ಸಂಕಟ. ನಮ್ಮ ಮನೆಯಲ್ಲಿ ಎರಡು ತಲೆಮಾರು ಇದೇ ಕೆಲಸ.

ಗೊತ್ತಿಲ್ಲದವರಿಗೆ: ಯಾವುದೇ ಎರಕದ ಭಾಗಕ್ಕೆ ಮೊದಲು ಕಟ್ಟಿಗೆಯಲ್ಲಿ ಅದೇ ಆಕಾರ ಕೆತ್ತಬೇಕು. ಅದನ್ನು ಮರಳಲ್ಲಿ ಒತ್ತಿ ತೆಗೆದರೆ ಗುಳಿ ಬೀಳುತ್ತದೆ. ಆ ಗುಳಿಗೆ ಕಾದ ಲೋಹ ಸುರಿಯುತ್ತಾರೆ. ಕೇಳಲು ಸುಲಭ. ಆದರೆ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ. ಬೀಡು ಕಬ್ಬಿಣ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅಲ್ಯೂಮಿನಿಯಂ ಇನ್ನೂ ಜಾಸ್ತಿ. ಅದಕ್ಕೆ ಕಟ್ಟಿಗೆಯನ್ನು ಅಷ್ಟೇ ದೊಡ್ಡದಾಗಿ ಕೆತ್ತಬೇಕು. ನಮ್ಮ ಹತ್ತಿರ ಅದಕ್ಕೆ ಬೇರೆ ಅಳತೆಪಟ್ಟಿಯೇ ಇರುತ್ತದೆ, ಅದರ ಒಂದು ಇಂಚು ನಿಜವಾದ ಇಂಚಿಗಿಂತ ಕೂದಲೆಳೆ ಉದ್ದ. ನಮ್ಮ ಅಪ್ಪನ ಪಟ್ಟಿಯನ್ನು ಶಾಲೆಗೆ ತೆಗೆದುಕೊಂಡು ಹೋಗಿ ಲೆಕ್ಕವೆಲ್ಲ ತಪ್ಪು ಮಾಡಿ ಏಟು ತಿಂದಿದ್ದೇನೆ. ಮತ್ತೆ ಬದಿಗಳು ಸ್ವಲ್ಪ ಇಳಿಜಾರು ಇರಬೇಕು, ಇಲ್ಲದಿದ್ದರೆ ಎತ್ತುವಾಗ ಮರಳು ಕಿತ್ತು ಬರುತ್ತದೆ. ಒಳಗೆ ಟೊಳ್ಳು ಬೇಕಾದರೆ ಅದಕ್ಕೆ ಬೇರೆ ಕೋರ್, ಅಂದರೆ ಮರಳಿನ ಒಳಅಚ್ಚು.

ಈಗ ಔಟ್‌ಬೋರ್ಡ್ ನೋಡಿ. ಮೇಲೆ ಸಿಲಿಂಡರ್, ಅದರ ಸುತ್ತ ನೀರು ಓಡಾಡುವ ಟೊಳ್ಳು. ಪಿಸ್ಟನ್ನಿನಿಂದ ತಿರುಗುವ ಕ್ರ್ಯಾಂಕ್ ನೆಟ್ಟಗೆ ನಿಂತಿರುತ್ತದೆ. ಉದ್ದ ಶಾಫ್ಟ್ ನೀರಿನೊಳಗೆ ಇಳಿಯುತ್ತದೆ. ಕೆಳಗೆ ಮುಷ್ಟಿಯಷ್ಟು ಜಾಗದಲ್ಲಿ ಎರಡು ಗೇರು ಕಾಟಕೋನದಲ್ಲಿ ಕಚ್ಚಿ ಫ್ಯಾನ್ ತಿರುಗಿಸಬೇಕು. ಇದರಲ್ಲಿ ಬಹುಪಾಲು ಎರಕ. ಒಂದೇ ಒಂದು ಇಂಜಿನ್ ಯಾರು ಬೇಕಾದರೂ ಹೇಗೋ ಮಾಡಬಹುದು. ಸಾವಿರ ಇಂಜಿನ್ ಒಂದೇ ಥರ ಮಾಡಬೇಕಾದರೆ ಪ್ಯಾಟರ್ನ್ ಗೊತ್ತಿದ್ದವನೇ ಬೇಕು. ಓಲೆ ಹದಿನಾರಕ್ಕೆ ಮ್ಯಾಡಿಸನ್ ಊರಿಗೆ ಹೋಗಿ ಯಂತ್ರದಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ರಾತ್ರಿ ಕೂತು ಇಂಜಿನಿಯರಿಂಗ್ ತಾವೇ ಓದಿಕೊಂಡರು. ಆಮೇಲೆ ಪಿಟ್ಸ್‌ಬರ್ಗ್, ಶಿಕಾಗೋ, ಮಿಲ್ವಾಕೀ ಅಂತ ವರ್ಕ್‌ಶಾಪ್ ವರ್ಕ್‌ಶಾಪ್ ತಿರುಗಿ ಕೈ ಪಳಗಿಸಿಕೊಂಡರು. ಐಸ್‌ಕ್ರೀಮ್ ಕರಗಿದ್ದಕ್ಕೆ ಯೋಚನೆ ಬಂದಿರಬಹುದು. ಇಂಜಿನ್ ಬಂದದ್ದು ಈ ಹತ್ತು ಹದಿನೈದು ವರ್ಷದ ಕೈಕೆಲಸದಿಂದ.

ಗಂಗೊಳ್ಳಿ ಹುಡುಗ · 11:02

ಬೆಳಗಾವಿ ಅಣ್ಣ, ಇದೇ ಬೇಕಿತ್ತು ನನಗೆ. ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. "ಕೆಳಗಿನ ಗೇರಿನ ಪೆಟ್ಟಿಗೆಗೇ ಮೊದಲು ನೀರು ನುಗ್ಗುವುದು, ಅಲ್ಲಿ ಎಣ್ಣೆ ಹಾಲಿನ ಹಾಗೆ ಬಿಳಿಯಾದರೆ ಸೀಲ್ ಹೋಯಿತು ಅಂತ ಅರ್ಥ" ಅಂದರು. ನಿಮಗೂ ಹೇಳಲು ಹೇಳಿದರು.

ನಿವೃತ್ತ ಮೇಷ್ಟ್ರು, ಸಾಗರ · ಭಾನುವಾರ ಬೆಳಿಗ್ಗೆ 6:30

ಊರು ಯಾಕೆ ಬಿಟ್ಟರು ಅನ್ನುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಓಲೆಯವರ ಹುಟ್ಟುಹೆಸರು ಓಲೆ ಆಂಡ್ರೆಯಾಸೆನ್ ಓಸ್ಲುಂಡೈಯೆ. ಆಂಡ್ರೆಯಾಸೆನ್ ಅಂದರೆ ಆಂಡ್ರೆಯಾಸ್‌ನ ಮಗ. ಕೊನೆಯ ಹೆಸರಿನ ಬಾಲದಲ್ಲಿ "ಐಯೆ" ಇದೆಯಲ್ಲ, ಅದರಲ್ಲಿ ಅವರ ಮನೆತನದ ಸ್ಥಿತಿ ಗೊತ್ತಾಗುತ್ತದೆ. ನಾರ್ವೆಯ ಆ ಭಾಗದಲ್ಲಿ ಹಾಗೆ ಕರೆಯುತ್ತಿದ್ದದ್ದು ದೊಡ್ಡ ಜಮೀನಿನ ಅಂಚಿನಲ್ಲಿ ಒಕ್ಕಲಾಗಿದ್ದವರ ಗುಡಿಸಲು ಜಾಗವನ್ನು. ಜಮೀನು ಒಡೆಯನದು. ಇವರು ಅಲ್ಲಿ ಮನೆ ಕಟ್ಟಿಕೊಂಡು, ಒಡೆಯನ ಹೊಲದಲ್ಲಿ ಇಷ್ಟು ದಿನ ಅಂತ ದುಡಿಯಬೇಕು. ನಮ್ಮ ಕಡೆ ಗೇಣಿ ಒಕ್ಕಲು ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದೇಶದಲ್ಲಿ ಉಳುವ ಭೂಮಿಯೇ ನೂರಕ್ಕೆ ಮೂರು ನಾಲ್ಕು ಪಾಲು. ಉಳಿದದ್ದೆಲ್ಲ ಬಂಡೆ, ಕಾಡು, ಹಿಮ. ಜನ ಹೆಚ್ಚಿದರು, ಹೊಲ ಹೆಚ್ಚಲಿಲ್ಲ. ಅಮೆರಿಕದಲ್ಲಿ 1862ರ ಕಾನೂನಿನ ಪ್ರಕಾರ 160 ಎಕರೆ ಸಿಗುತ್ತದೆ ಅಂತ ಕಾಗದ ಬರುತ್ತಿತ್ತು. 1825ರಲ್ಲಿ ಸ್ಟಾವಂಗರ್ ಊರಿಂದ ಒಂದು ಚಿಕ್ಕ ಹಡಗು ಹೊರಟದ್ದು ಮೊದಲು. ಅಲ್ಲಿಂದ ನೂರು ವರ್ಷದಲ್ಲಿ ಎಂಟು ಲಕ್ಷದಷ್ಟು ಜನ ಹೋದರು. 1882 ಒಂದೇ ವರ್ಷ 28,000ಕ್ಕೂ ಜಾಸ್ತಿ. ಇಡೀ ದೇಶದ ಜನಸಂಖ್ಯೆ ಆಗ ಇಪ್ಪತ್ತು ಲಕ್ಷವೂ ಇರಲಿಲ್ಲ. ಓಲೆಯವರ ಮನೆಯವರು ಹೋದದ್ದು ಆ ದೊಡ್ಡ ಅಲೆಯಲ್ಲೇ. ಕೇಂಬ್ರಿಜ್ ಅನ್ನುವ ಊರ ಹತ್ತಿರ ರಿಪ್ಲೀ ಸರೋವರದ ದಡದಲ್ಲಿ ಬೇಸಾಯಕ್ಕೆ ನಿಂತರು.

ಎವಿನ್ರೂಡ್ ಅನ್ನುವುದು ಎವೆನ್‌ರೂಡ್ ಅನ್ನುವ ಹೊಲಮನೆಯ ಹೆಸರಿನಿಂದ ಬಂದದ್ದು. ಅವರ ಭಾಷೆಯಲ್ಲಿ "ರೂಡ್" ಅಂದರೆ ಕಾಡು ಕಡಿದು ಮಾಡಿದ ಜಾಗ. ನಮ್ಮ ಮಲೆನಾಡಿನ ಕುಮರಿ ನೆನಪಾಯಿತು ನನಗೆ.

ಪಾಸ್‌ಪೋರ್ಟ್ ಪರದಾಟ · 7:15

ಮೇಷ್ಟ್ರೇ, ಹೆಸರಿನ ವಿಷಯ ಎತ್ತಿದಿರಿ, ನನ್ನದೂ ಕೇಳಿ. ನಮ್ಮಲ್ಲೂ ಅದೇ ಅಲ್ವಾ? ಊರ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ನಾನು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದಾಗ ಅಪ್ಪನ ಹೆಸರು ನನ್ನ ಮನೆತನದ ಹೆಸರಾಯಿತು. ಆಫೀಸಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರಿಂದಲೇ ಕರೆಯುತ್ತಿದ್ದರು. ಮೊದಲ ತಿಂಗಳು ಪ್ರತಿ ಸಲ ಅಪ್ಪ ಹಿಂದೆ ನಿಂತಿದ್ದಾರೇನೋ ಅಂತ ಅನಿಸುತ್ತಿತ್ತು.

ಕುಂದಾಪ್ರ ಅಕ್ಕ · 7:32

ಚಂದ ಬರೆದಿರಿ. ಆದರೆ ವಿಷಯಕ್ಕೆ ಬನ್ನಿ ಮಾರಾಯ್ರೆ, ಕಂಪನಿ ಮಾರಿದ್ದು ಸರಿಯೋ ತಪ್ಪೋ ಅಂತ ಪಾಪ ಅವರು ಕೇಳಿದ್ದು.

ಲೆಕ್ಕ ತಪ್ಪಬಾರದು · 8:40

ನಿಜಾಂಶ ಮೊದಲು. ಇಂಜಿನ್ ಚೆನ್ನಾಗಿ ಮಾರಾಟವಾಗುತ್ತಿತ್ತು. ಬೆಳೆಸಲು ದುಡ್ಡು ಬೇಕಿತ್ತು, ಕ್ರಿಸ್ ಮೇಯರ್ ಅನ್ನುವವರು ಪಾಲುದಾರರಾಗಿ ಬಂದರು. ಬೆಸ್ ಆರೋಗ್ಯ ಕೆಟ್ಟಿತು. ಓಲೆ ತಮ್ಮ ಪಾಲನ್ನು ಮೇಯರ್‌ಗೆ ಮಾರಿದರು. 1914ರ ಹೊತ್ತಿಗೆ ಅವರ ಹೆಸರಿನ ಕಂಪನಿಯಲ್ಲಿ ಅವರೇ ಇರಲಿಲ್ಲ. ಐದು ವರ್ಷ ಔಟ್‌ಬೋರ್ಡ್ ಧಂದೆಗೆ ಕೈ ಹಾಕುವುದಿಲ್ಲ ಅಂತ ಕರಾರು ಕೂಡ ಆಯಿತು. ಹೆಂಡತಿ, ಮಗ ರಾಲ್ಫ್ ಇಬ್ಬರನ್ನೂ ಕರೆದುಕೊಂಡು ಊರೂರು ಸುತ್ತಿದರು.

ಬಂಡವಾಳ · 9:05

ನನ್ನ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ತಪ್ಪು ನಿರ್ಧಾರ. ಹೆಂಡತಿಯನ್ನು ನೋಡಿಕೊಳ್ಳಬೇಕು ಸರಿ. ಅದಕ್ಕೆ ಕಂಪನಿ ಮಾರಬೇಕಾ? ಒಬ್ಬ ಒಳ್ಳೆಯ ಮ್ಯಾನೇಜರ್ ಇಟ್ಟು, ಪಾಲು ಉಳಿಸಿಕೊಂಡು, ಮನೆಯಲ್ಲಿ ಇರಬಹುದಿತ್ತು. ತನ್ನ ಹೆಸರನ್ನೂ ಮಾರಿ, ಐದು ವರ್ಷ ಕೈ ಕಟ್ಟಿಕೊಂಡು ಕೂರುವ ಕರಾರಿಗೆ ಸಹಿ ಹಾಕಿದ್ದು ಭಾವನೆಯಲ್ಲಿ ಮಾಡಿದ್ದು. ನಾನು ಸಣ್ಣ ವ್ಯಾಪಾರಗಳಿಗೆ ಲೆಕ್ಕ ಬರೆಯುವವನು. ಇಂಥ ಎಷ್ಟೋ ಜನರನ್ನು ನೋಡಿದ್ದೇನೆ. ಆಮೇಲೆ ಪಶ್ಚಾತ್ತಾಪ ಪಡುತ್ತಾರೆ.

ಮಿಲ್ವಾಕೀ ಕನ್ನಡತಿ · 9:31

ಮ್ಯಾನೇಜರ್ ಇಡಬೇಕಿತ್ತು ಅಂದಿರಲ್ಲ, ಆ ಕಂಪನಿಯ ಮ್ಯಾನೇಜರ್ ಯಾರಾಗಿದ್ದರು ಗೊತ್ತಾ? ಬೆಸ್!

ಬೆಸ್ ಅವರ ಪೂರ್ತಿ ಹೆಸರು ಬೆಸ್ ಕ್ಯಾರಿ, ಪಕ್ಕದ ಮನೆಯ ಹುಡುಗಿ. ವ್ಯಾಪಾರದ ಕಾಲೇಜಿನಲ್ಲಿ ಓದುತ್ತಿದ್ದರು. ಓಲೆಗೆ ಕಾಗದ ಬರೆಯುವುದು, ಬಿಲ್ ಮಾಡುವುದು ಬರುತ್ತಿರಲಿಲ್ಲ. ಸಹಾಯಕ್ಕೆ ಅಂತ ಬಂದವರು. ಮದುವೆಯಾದ ಮೇಲೂ ಆಫೀಸು ನಡೆಸಿದ್ದು ಅವರೇ. 1907ರಲ್ಲಿ ರಾಲ್ಫ್ ಹುಟ್ಟಿದ. ಕೈಗೂಸು, ಮನೆ, ಆಫೀಸು, ಎಲ್ಲ ಒಟ್ಟಿಗೆ. ಇಂಜಿನ್‌ನ ಮೊದಲ ಮಾದರಿ ನೋಡಿ "ಕಾಫಿ ಪುಡಿ ಮಾಡುವ ಗಿರಣಿ ಇದ್ದ ಹಾಗಿದೆ" ಅಂದವರು ಅವರೇ. ಆಮೇಲೆ ಅದನ್ನೇ ಜಗತ್ತಿಗೆ ಮಾರಿದವರೂ ಅವರೇ. "ಹುಟ್ಟು ಹಾಕಬೇಡಿ! ಹುಟ್ಟುಗಳನ್ನು ಎಸೆದುಬಿಡಿ!" ಅನ್ನುವ ಜಾಹೀರಾತು ಬರೆದದ್ದು ಬೆಸ್. ಅದು ನೋಡಿ ದೂರದೂರದಿಂದ ಆರ್ಡರ್ ಬಂದವು. ಸ್ಕ್ಯಾಂಡಿನೇವಿಯಾದ, ಅಂದರೆ ನಾರ್ವೆ ಕಡೆಯ, ಮೀನುಗಾರರಿಗೂ ಇಂಜಿನ್ ಹೋದವು. ಐದು ವರ್ಷದ ಮಗುವಾಗಿ ಬಿಟ್ಟುಬಂದ ಕಡಲಿಗೆ ಅವರ ಇಂಜಿನ್ ವಾಪಸ್ ಹೋಯಿತು. ಅದರ ಕಾಗದ ಬರೆದದ್ದೂ ಬೆಸ್.

ಹಾಗಿರುವಾಗ ಅವರ ಜಾಗಕ್ಕೆ ಯಾರನ್ನು ತಂದು ಕೂರಿಸುವುದು?

ನಿವೃತ್ತ ಮೇಷ್ಟ್ರು, ಸಾಗರ · 9:44

ಕನ್ನಡದಲ್ಲಿ ಓಲೆ ಅಂದರೆ ಕಾಗದ. ಅವನ ಹೆಸರು ಓಲೆ, ಓಲೆ ಬರೆದದ್ದೆಲ್ಲ ಅವಳು. ಬೆಳಿಗ್ಗೆಯಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ.

ಬಂಡವಾಳ · 10:10

ಬೆಸ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ಪಾಲು ಉಳಿಸಿಕೊಳ್ಳಬಹುದಿತ್ತು ಅನ್ನುವ ಮಾತು ನಾನು ಬಿಡುವುದಿಲ್ಲ. ಮನೆಯಲ್ಲಿ ಕಾಯಿಲೆ ಇದ್ದಾಗಲೇ ಆದಾಯ ಬೇಕಾಗುವುದು. ಪಾಲಿದ್ದರೆ ಪ್ರತಿ ವರ್ಷ ದುಡ್ಡು ಬರುತ್ತಿತ್ತು.

ಕುಂದಾಪ್ರ ಅಕ್ಕ · 10:18

ದುಡ್ಡು ಬರುತ್ತದೆ, ತಲೆಬಿಸಿಯೂ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನು, ಕಾರ್ಖಾನೆಯಲ್ಲಿ ಅದಾಯಿತು ಇದಾಯಿತು. ಅರ್ಧ ಬಿಡುವುದು ಅಂದರೆ ಬಿಟ್ಟ ಹಾಗೆ ಅಲ್ಲ. ನಾನು ನನ್ನ ಅತ್ತೆಯನ್ನು ಮೂರು ವರ್ಷ ನೋಡಿಕೊಂಡವಳು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಮಂಡ್ಯದ ಮಗ · 10:22

ಆಗ ಫೋನ್ ಎಲ್ಲಿತ್ತು ಅಕ್ಕ?

ಲೆಕ್ಕ ತಪ್ಪಬಾರದು · 10:24

ಇತ್ತು. 1914ರ ಅಮೆರಿಕದ ಪಟ್ಟಣಗಳಲ್ಲಿ ಟೆಲಿಫೋನ್ ಸಾಕಷ್ಟು ಇತ್ತು.

ಗಂಗೊಳ್ಳಿ ಹುಡುಗ · 11:37

ಈ ಪ್ರಶ್ನೆ ಯಾಕೆ ಕೇಳಿದೆ ಅಂತ ಹೇಳಬೇಕು. ಬೆಳಿಗ್ಗೆಯಿಂದ ಬರೆದು ಅಳಿಸಿ ಮಾಡುತ್ತಿದ್ದೇನೆ.

ನಮ್ಮ ಅಪ್ಪನಿಗೆ ಜೆಟ್ಟಿ ಹತ್ತಿರ ವರ್ಕ್‌ಶಾಪ್ ಇತ್ತು. ಸಣ್ಣದು, ತಗಡಿನ ಮಾಡು. ಮಳೆಗಾಲದಲ್ಲಿ ಎರಡು ತಿಂಗಳು ದೊಡ್ಡ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ ಇಟ್ಟ ನಾಡದೋಣಿ ಮಾತ್ರ ಹೋಗಬಹುದು. ಆಗ ಅಪ್ಪನಿಗೆ ಊಟಕ್ಕೂ ಬಿಡುವಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಇಂಜಿನ್‌ಗಳು. ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಅಳಿವೆಯಲ್ಲಿ, ನದಿ ಕಡಲಿಗೆ ಸೇರುವಲ್ಲಿ, ಅಲೆ ಎದ್ದು ನಿಲ್ಲುತ್ತದೆ. ಅಲ್ಲಿ ದಾಟುವಾಗ ಇಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮಗುಚುತ್ತದೆ. ಅದಕ್ಕೆ ಅಪ್ಪ ಪ್ರತಿ ಪ್ಲಗ್ಗನ್ನೂ ತಾವೇ ಉಜ್ಜಿ, ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತಿದ್ದರು. ಹುಡುಗರ ಕೈಗೆ ಬಿಡುತ್ತಿರಲಿಲ್ಲ. "ಇದು ಇಂಜಿನ್ ಅಲ್ಲ, ಅದರ ಹಿಂದೆ ಆರು ಜನ ಕೂತಿದ್ದಾರೆ" ಅನ್ನುತ್ತಿದ್ದರು.

ಆರು ವರ್ಷದ ಹಿಂದೆ ಅಮ್ಮನ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದು ಸಲ ಹೋದರೆ ಇಡೀ ದಿನ ಬೇಕು. ಅಪ್ಪ ಒಂದು ತಿಂಗಳು ಎರಡೂ ಕಡೆ ಓಡಾಡಿದರು. ಆಮೇಲೆ ಒಂದು ದಿನ ಸಾಮಾನು ಸಮೇತ ವರ್ಕ್‌ಶಾಪ್ ಮಾರಿ ಬಂದರು. ಈ ಒಂದು ಮುರಿದ ಎವಿನ್ರೂಡ್ ಮಾತ್ರ ಮನೆಗೆ ತಂದರು. ನಾನು ಬೆಂಗಳೂರಿನಿಂದ ಫೋನ್ ಮಾಡಿ ಜಗಳ ಆಡಿದೆ. ಬಂಡವಾಳ ಸಾರ್ ಹೇಳಿದ ಮಾತನ್ನೇ ನಾನು ಆಡಿದೆ. ಯಾರನ್ನಾದರೂ ಇಡಬಹುದಿತ್ತು, ಪಾಲು ಉಳಿಸಿಕೊಳ್ಳಬಹುದಿತ್ತು ಅಂತ. ಅಪ್ಪ ಏನೂ ಹೇಳಲಿಲ್ಲ. "ಆಯಿತು ಮಗ" ಅಂದು ಫೋನ್ ಇಟ್ಟರು. ಊರಲ್ಲೂ ಜನ ಅದನ್ನೇ ಅಂದರು.

ಬೆಸ್ ಬಗ್ಗೆ ಓದಿದ ಮೇಲೆ ನನಗೆ ಹೊಳೆಯಿತು. ನಮ್ಮ ವರ್ಕ್‌ಶಾಪಿನ ಲೆಕ್ಕ ಬರೆಯುತ್ತಿದ್ದದ್ದು ಅಮ್ಮ. ಯಾರ ದೋಣಿ, ಯಾವ ಪಾರ್ಟು, ಎಷ್ಟು ಬಾಕಿ, ಎಲ್ಲ ಅವರ ಪುಸ್ತಕದಲ್ಲಿ. ಮೀನು ಸಿಗದ ವರ್ಷ ಯಾರ ಹತ್ತಿರ ಬಾಕಿ ಕೇಳಬಾರದು ಅನ್ನುವುದೂ ಅವರಿಗೇ ಗೊತ್ತು. ಅಮ್ಮ ಇಲ್ಲದ ವರ್ಕ್‌ಶಾಪಲ್ಲಿ ಅಪ್ಪ ಏನು ಮಾಡಬೇಕಿತ್ತು?

ಬಂಡವಾಳ · 12:20

ತಮ್ಮಾ, ನಾನು ಬರೆದದ್ದು ನಿಮ್ಮ ಅಪ್ಪನಿಗೆ ಮುಟ್ಟಿತು ಅಂತ ಗೊತ್ತಾದರೆ ನನಗೆ ನೋವಾಗುತ್ತದೆ. ನಾನು ಕಾಗದದ ಲೆಕ್ಕ ಹೇಳಿದೆ. ಲೆಕ್ಕದಲ್ಲಿ ಈಗಲೂ ಅದೇ ಬರುತ್ತದೆ. ಆದರೆ ನಿಮ್ಮ ಅಪ್ಪ ತಪ್ಪು ಮಾಡಿದರು ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಕುಂದಾಪ್ರ ಅಕ್ಕ · 12:26

ಅಮ್ಮ ಈಗ ಹೇಗಿದ್ದಾರೆ?

ಗಂಗೊಳ್ಳಿ ಹುಡುಗ · 12:31

ಇದ್ದಾರೆ ಅಕ್ಕ. ಡಯಾಲಿಸಿಸ್ ನಡೆಯುತ್ತಿದೆ. ನಿನ್ನೆ ಗಂಜಿ ಜೊತೆ ಒಣಮೀನು ಬೇಕು ಅಂತ ಹಠ ಮಾಡಿದರು. ಉಪ್ಪು ಕೊಡಬಾರದು. ಅಪ್ಪ ಮುಖ ತಿರುಗಿಸಿ ಕೂತಿದ್ದರು.

ಕಾರವಾರದ ಕಡಲು · 1:15

ಓದಿ ಕಣ್ಣು ತೇವವಾಯಿತು. ನಾರ್ವೆ ಅಂದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ನಮ್ಮ ಕಡಲಿಗೂ ಅವರಿಗೂ ನಂಟಿದೆ. 1952ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡವು. ಕೇರಳದ ನೀಂಡಕರದಲ್ಲಿ ಇಂಜಿನ್ ಇಟ್ಟ ಬೋಟು, ಐಸ್ ಕಾರ್ಖಾನೆ ಎಲ್ಲ ಶುರುವಾಯಿತು. ಆಮೇಲೆ 1960ರ ದಶಕದಲ್ಲಿ ಅದೇ ಯೋಜನೆಯ ಒಂದು ಕೇಂದ್ರ ಕಾರವಾರಕ್ಕೂ ಬಂತು. ನಮ್ಮ ಅಜ್ಜ "ನಾರ್ವೆಯವರ ಬೋಟು" ಅಂತಲೇ ಹೇಳುತ್ತಿದ್ದರು. ಅದು ಒಳಗೆ ಕೂರಿಸುವ ಇಂಜಿನ್, ಎವಿನ್ರೂಡ್‌ಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಒಂದು ಬೇಜಾರು ಹೇಳಲೇಬೇಕು. ಟ್ರಾಲ್ ಬಂದ ಮೇಲೆ ನಾಡದೋಣಿಯವರ ಪಾಲಿನ ಮೀನು ಕಡಿಮೆ ಆಯಿತು. ಇಂಜಿನ್ ತಂದವರನ್ನು ಬರೀ ಹೊಗಳುವುದು ನನ್ನಿಂದ ಆಗುವುದಿಲ್ಲ.

ಬೆಳಗಾವಿ ಎರಕ · 1:40

ಅದು ಬೇರೆ ಚರ್ಚೆ ಆಗುತ್ತದೆ ರೀ. ಆದರೆ ಸಣ್ಣ ದೋಣಿಯವನಿಗೆ ಸಣ್ಣ ಇಂಜಿನ್ ಸಿಕ್ಕಿದ್ದು ಒಳ್ಳೆಯದೇ ಆಯಿತಲ್ಲ?

ಕಾರವಾರದ ಕಡಲು · 1:44

ಸಿಕ್ಕಿದ್ದು ಒಳ್ಳೆಯದೇ. ಎಣ್ಣೆ ರೇಟು ಕೇಳಿ ಆಮೇಲೆ ಹೇಳಿ. ಇರಲಿ, ಬೇರೆ ಎಳೆ ಶುರು ಮಾಡುತ್ತೇನೆ.

ನ್ಯೂಜೆರ್ಸಿ ನಾಗಣ್ಣ · 6:50

ಇಡೀ ಎಳೆ ಓದಿದೆ. ಒಂದು ವಿಷಯ ಬಿಟ್ಟುಹೋಗಿದೆ. ಓಲೆಗೆ ಹೆಸರು ಬಂತು. ಹೆಸರು ಬರದ ನಾರ್ವೆಯ ಕೆಲಸಗಾರರು ಎಷ್ಟು ಜನ! ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೇ ರಿಡ್ಜ್ ಅನ್ನುವ ಪ್ರದೇಶ ಒಂದು ಕಾಲಕ್ಕೆ ನಾರ್ವೆಯವರಿಂದಲೇ ತುಂಬಿತ್ತು. ಹಡಗಿನ ಕೆಲಸದವರು, ಬಡಗಿಗಳು, ಬಂದರು ಕಟ್ಟುವವರು. ಅಲ್ಲಿನ ಎಂಟನೇ ಅವೆನ್ಯೂಗೆ ಅವರ ಮಾಂಸದ ಸಾರಿನ ಹೆಸರಿಂದ ಲಾಪ್ಸ್‌ಕೌಸ್ ಬೀದಿ ಅಂತಲೇ ಅಡ್ಡಹೆಸರು. ಈಗ ಆ ಬೀದಿಯಲ್ಲಿ ಚೀನಾದ ಅಂಗಡಿಗಳು. ಆದರೂ ಮೇ 17ಕ್ಕೆ, ಅವರ ರಾಷ್ಟ್ರೀಯ ದಿನಕ್ಕೆ, ಮೆರವಣಿಗೆ ನಡೆಯುತ್ತದೆ. ನಾನು ಒಮ್ಮೆ ನೋಡಿದ್ದೇನೆ. ಬೆರಳು ಗಂಟು ಗಂಟಾದ ಒಬ್ಬ ಮುದುಕರು ಮೊಮ್ಮಗಳ ಕೈ ಹಿಡಿದು ನಡೆಯುತ್ತಿದ್ದರು. ಬಡಗಿ ಅಂತ ಆ ಕೈ ನೋಡಿದರೇ ಗೊತ್ತಾಗುತ್ತಿತ್ತು, ನಮ್ಮ ಮಾವನ ಕೈಯೂ ಹಾಗೇ ಇತ್ತು.

ಮತ್ತೆ ಹೋದವರೆಲ್ಲ ಉಳಿಯಲಿಲ್ಲ. ಕಡೆಯ ಅಲೆಗಳಲ್ಲಿ ಹೋದವರಲ್ಲಿ ಸುಮಾರು ಕಾಲು ಭಾಗ ವಾಪಸ್ ಊರಿಗೆ ಬಂದರು. ನಾನೂ ವಾಪಸ್ ಬರಬೇಕು ಅಂತ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ.

ಮಿಲ್ವಾಕೀ ಕನ್ನಡತಿ · 7:20

ನಾಗಣ್ಣ, ನಮ್ಮ ಕಡೆ ಸ್ಟೌಟನ್ ಊರಲ್ಲೂ ಮೇ 17 ಜೋರು. ಅಲ್ಲಿ ಲೆಫ್ಸೆ ತಿಂದೆ. ಆಲೂಗಡ್ಡೆ ಹಿಟ್ಟಿಗೆ ಕಲಸಿ, ಗೀರಿರುವ ಲಟ್ಟಣಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ದೊಡ್ಡ ಹೆಂಚಿನ ಮೇಲೆ ಬೇಯಿಸುತ್ತಾರೆ. ತಿರುವಿ ಹಾಕಲು ಉದ್ದ ಕಡ್ಡಿ. ಪಕ್ಕಾ ನಮ್ಮ ಹೋಳಿಗೆ ಮನೆ. ಬೆಣ್ಣೆ ಸಕ್ಕರೆ ಸವರಿ ಸುತ್ತಿ ಕೊಟ್ಟರು. ನನ್ನ ಮಗಳು "ಅಮ್ಮಾ, ಹೂರಣ ಮರೆತಿದ್ದಾರೆ" ಅಂದಳು.

ಕುಂದಾಪ್ರ ಅಕ್ಕ · 7:25

ಅಯ್ಯೋ ಬಂಗಾರ! ಆಮೇಲೆ ಬೆಸ್ ಗುಣವಾದರಾ, ಅದನ್ನು ಹೇಳಿ ಯಾರಾದರೂ.

ಲೆಕ್ಕ ತಪ್ಪಬಾರದು · 8:02

ಚೇತರಿಸಿಕೊಂಡರು. ಓಲೆ ಸುಮ್ನೆ ಕೂತಿರಲಿಲ್ಲ. ಅಲ್ಯೂಮಿನಿಯಂ ಬಳಸಿ ಎರಡು ಸಿಲಿಂಡರಿನ ಹೊಸ ಇಂಜಿನ್ ಮಾಡಿದರು. ಮೂರು ಅಶ್ವಶಕ್ತಿ, ತೂಕ 48 ಪೌಂಡ್. ಅಂದರೆ ಮೊದಲಿನದಕ್ಕಿಂತ ಆರು ಕಿಲೋ ಕಡಿಮೆ, ಶಕ್ತಿ ಎರಡರಷ್ಟು. ಕರಾರಿನ ಐದು ವರ್ಷ ಮುಗಿದಿತ್ತು. ಮೊದಲು ಮೇಯರ್‌ಗೇ ಕೊಡಲು ಹೋದರು. ಅವರು ಬೇಡ ಅಂದರು.

ಆಗ 1920ರ ದಶಕದ ಶುರುವಿನಲ್ಲಿ ಗಂಡ ಹೆಂಡತಿ ಸೇರಿ ಹೊಸ ಕಂಪನಿ ಮಾಡಿದರು. ಎವಿನ್ರೂಡ್ ಅನ್ನುವ ಕಂಪನಿ ಬೇರೆಯವರ ಕೈಲಿತ್ತಲ್ಲ? ಅದಕ್ಕೆ "ಎವಿನ್ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್" ಅನ್ನುವುದರ ಮೊದಲಕ್ಷರ ಜೋಡಿಸಿ ಎಲ್ಟೋ ಅಂತ ಇಟ್ಟರು. ಆ ಹೆಸರು ಕಟ್ಟಿದ್ದು ಬೆಸ್. ಎಲ್ಟೋ ಚೆನ್ನಾಗಿ ಓಡಿತು. 1929ರಲ್ಲಿ ಎಲ್ಟೋ, ಹಳೆಯ ಎವಿನ್ರೂಡ್, ಲಾಕ್‌ವುಡ್ ಅನ್ನುವ ಇನ್ನೊಂದು ಔಟ್‌ಬೋರ್ಡ್ ಕಂಪನಿ ಮೂರೂ ಒಂದಾದವು. ಓಲೆ ಅಧ್ಯಕ್ಷರಾದರು. ಹದಿನೈದು ವರ್ಷದ ಮೇಲೆ ಅವರ ಹೆಸರು ಅವರ ಹತ್ತಿರ ಬಂತು.

ಬೆಸ್ 1933ರಲ್ಲಿ ಹೋದರು. ಓಲೆ ಮರುವರ್ಷವೇ, ಜುಲೈಯಲ್ಲಿ. ಕಂಪನಿ ರಾಲ್ಫ್ ಕೈಗೆ ಬಂತು. 2020ರಲ್ಲಿ ಎವಿನ್ರೂಡ್ ಹೆಸರಿನ ಔಟ್‌ಬೋರ್ಡ್ ಮಾಡುವುದನ್ನು ಆಗಿನ ಮಾಲೀಕ ಕಂಪನಿ ನಿಲ್ಲಿಸಿತು.

ಮಂಡ್ಯದ ಮಗ · 8:06

ಮರುವರ್ಷವೇ ಅಂದಿರಿ. ಅದೊಂದು ಮಾತು ಸಾಕು ನನಗೆ.

ಬಂಡವಾಳ · 8:30

ಒಂದು ಕೇಳಬಹುದಾ? ಎಲ್ಟೋ ಗೆದ್ದಿತು ಅಂತ ಓಲೆ ಮಾಡಿದ್ದು ಸರಿ ಅನ್ನುತ್ತಿದ್ದೀರಾ? ಗೆಲ್ಲದೇ ಇದ್ದಿದ್ದರೆ?

ಮಿಲ್ವಾಕೀ ಕನ್ನಡತಿ · 8:41

ಗೆಲ್ಲದೇ ಇದ್ದಿದ್ದರೂ ಬೆಸ್ ಇನ್ನೂ ಸುಮಾರು ಇಪ್ಪತ್ತು ವರ್ಷ ಬದುಕಿದರಲ್ಲ ಸಾರ್.

ಗಂಗೊಳ್ಳಿ ಹುಡುಗ · 9:15

ಈಗಷ್ಟೇ ಅಪ್ಪ ಅಮ್ಮ ಇಬ್ಬರಿಗೂ ಎಲ್ಲ ಓದಿ ಹೇಳಿದೆ. ಅಪ್ಪ ಎಲ್ಟೋ ಕೇಳಿ "48 ಪೌಂಡಿಗೆ ಮೂರು ಅಶ್ವಶಕ್ತಿಯಾ, ಆ ಕಾಲದಲ್ಲಾ?" ಅಂತ ಎರಡು ಸಲ ಕೇಳಿದರು. ಅಮ್ಮ ಬೆಸ್ ಕತೆ ಕೇಳಿ "ಅವಳು ಬಾಕಿ ಹೇಗೆ ವಸೂಲಿ ಮಾಡುತ್ತಿದ್ದಳಂತೆ?" ಅಂದರು. ಗೊತ್ತಿದ್ದವರು ತಿಳಿಸಿ.

ಆರು ವರ್ಷದ ಹಿಂದಿನ ಆ ಫೋನಿನ ಬಗ್ಗೆ ಅಪ್ಪನ ಹತ್ತಿರ ಮಾತಾಡಿದೆ. "ಎಂತ ಫೋನು? ನೆನಪಿಲ್ಲ" ಅಂದರು. ನೆನಪಿದೆ ಅಂತ ನನಗೆ ಗೊತ್ತು.

ಬೆಳಗಾವಿ ಎರಕ · 9:33

ತಮ್ಮಾ, ಆ ಇಂಜಿನ್‌ನ ಕ್ಲ್ಯಾಂಪ್ ಮುರಿದಿದೆ ಅಂದಿದ್ದಿ. ಮುರಿದ ಎರಡೂ ತುಂಡು ಇದ್ದರೆ ಬಟ್ಟೆ ಸುತ್ತಿ ಕಳಿಸು, ಇಲ್ಲದಿದ್ದರೆ ಅಳತೆ ಕಳಿಸು. ಕಟ್ಟಿಗೆಯಲ್ಲಿ ಪ್ಯಾಟರ್ನ್ ನಾನು ಕೆತ್ತುತ್ತೇನೆ. ಕುಗ್ಗುವ ಲೆಕ್ಕ ನೀನು ಹಿಡಿಯಬೇಡ, ಇದ್ದದ್ದು ಇದ್ದ ಹಾಗೆ ಬರೆ. ಕಡಲಿಗೆ ಇಳಿಸಲು ಅಲ್ಲ, ಮನೆಯಲ್ಲಿ ನೆಟ್ಟಗೆ ನಿಲ್ಲಿಸಲು ಸಾಕಾಗುತ್ತದೆ. ದುಡ್ಡಿನ ಮಾತು ಎತ್ತಬೇಡ.

ಗಂಗೊಳ್ಳಿ ಹುಡುಗ · 10:20

ಅಣ್ಣಾ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಒಂದು ತುಂಡು ಮಾತ್ರ ಇದೆ. ಅಪ್ಪ ಈಗಲೇ ಟಾರ್ಚ್ ಹಿಡಿದು ಶೆಡ್ಡಿಗೆ ಹೋದರು. ಅಲ್ಲಿಂದ ಅಳತೆ ಕೂಗಿ ಹೇಳುತ್ತಿದ್ದಾರೆ. ಅಮ್ಮ ಮಂಚದ ಮೇಲೆ ಕೂತು ಹಳೆ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ಫೋಟೋ ತೆಗೆದು ಕಳಿಸುತ್ತೇನೆ.

ಕುಂದಾಪ್ರ ಅಕ್ಕ · 10:24

ಅಮ್ಮನ ಅಕ್ಷರ ಕಾಣುವ ಹಾಗೆ ತೆಗಿ.